ಅಬು ಮೇನಾ: ಮರಳುಗಾಡಿನ ಯಾತ್ರಾಸ್ಥಳಕ್ಕೆ ನೀರೇ ಕುತ್ತಾದದ್ದು ಹೇಗೆ?

ಯುನೆಸ್ಕೋ ತನ್ನ ವಿಶ್ವ ಪರಂಪರೆ ತಾಣಗಳಲ್ಲಿ ಕೆಲವನ್ನು ಅಪಾಯದಲ್ಲಿವೆ ಎಂದು ಬೇರೆ ಪಟ್ಟಿ ಮಾಡಿ ಇಡುತ್ತದೆ. ಆ ಪಟ್ಟಿ ಸೇರುವ ಜಾಗಗಳ ಕಥೆ ಸಾಮಾನ್ಯವಾಗಿ ಗೊತ್ತಿರುವುದೇ. ಯುದ್ಧ, ಭೂಕಂಪ, ಕಳ್ಳಸಾಗಣೆ, ಬೇಕಾಬಿಟ್ಟಿ ಎದ್ದ ಕಟ್ಟಡಗಳು. 2001ರಲ್ಲಿ ಈಜಿಪ್ಟಿನ ಅಬು ಮೇನಾ ಆ ಪಟ್ಟಿಗೆ ಸೇರಿದ ಕಾರಣ ಮಾತ್ರ ಬೇರೆ. ಸುತ್ತಲಿನ ಹೊಲಗಳಿಗೆ ಜಾಸ್ತಿ ನೀರು ಹರಿಸಿದ್ದರಿಂದ ಅದು ಕುಸಿಯುತ್ತಿತ್ತು.

ಮರುಭೂಮಿಯ ಪಾಳು ಊರಿಗೆ ನೀರಿನಿಂದ ಅಪಾಯ ಅಂದರೆ ನಂಬುವುದು ಕಷ್ಟ. ಆದರೆ ಅಲ್ಲಿ ನಡೆದದ್ದು ಅದೇ. ಅದು ಹೇಗಾಯಿತು ಎಂದು ತಿಳಿಯಬೇಕಾದರೆ ಮೊದಲು ಈ ಊರು ಯಾವುದು, ಯಾತಕ್ಕೆ ಹುಟ್ಟಿತು ಎನ್ನುವುದನ್ನು ನೋಡಬೇಕು.

ಅಲೆಕ್ಸಾಂಡ್ರಿಯಾ ನಗರದಿಂದ ನೈಋತ್ಯಕ್ಕೆ ಸುಮಾರು 45 ಕಿಲೋಮೀಟರ್ ಹೋದರೆ ಮರ್ಯೂತ್ ಎಂಬ ಒಣ ಸೀಮೆ ಸಿಗುತ್ತದೆ. ಅಬು ಮೇನಾದ ಅವಶೇಷಗಳು ಇರುವುದು ಅಲ್ಲಿ. ಈಜಿಪ್ಟ್ ಅಂದ ಕೂಡಲೇ ನಮಗೆ ಪಿರಮಿಡ್ಡು, ಫೇರೋ, ಮಮ್ಮಿ ನೆನಪಾಗುತ್ತವೆ, ಅಲ್ವಾ? ಆದರೆ ಫೇರೋಗಳ ಕಾಲ ಮುಗಿದು, ಇಸ್ಲಾಂ ಬರುವುದಕ್ಕೆ ಮುಂಚೆ, ಈಜಿಪ್ಟ್ ಕೆಲವು ಶತಮಾನ ದೊಡ್ಡ ಕ್ರೈಸ್ತ ನಾಡಾಗಿತ್ತು. ಊರು ಬಿಟ್ಟು ಮರಳುಗಾಡಿಗೆ ಹೋಗಿ ತಪಸ್ಸು ಮಾಡುವುದು, ಗುಂಪಾಗಿ ಮಠ ಕಟ್ಟಿಕೊಂಡು ನಿಯಮದಿಂದ ಬದುಕುವುದು, ಈ ಎರಡೂ ಕ್ರೈಸ್ತ ಧರ್ಮದಲ್ಲಿ ಗಟ್ಟಿಯಾಗಿ ಬೇರೂರಿದ್ದು ಇಲ್ಲೇ. ಸಂತ ಆಂಟನಿ, ಪಖೋಮಿಯಸ್ ಇಬ್ಬರೂ ಈ ನೆಲದವರು. ಅಬು ಮೇನಾ ಆ ಕಾಲದ ಊರು. ಮಠ, ಚರ್ಚು, ಆಸ್ಪತ್ರೆ, ಛತ್ರ, ಸ್ನಾನಗೃಹ, ಅಂಗಡಿ ಬೀದಿ, ಕುಂಬಾರರ ಭಟ್ಟಿ, ಎಲ್ಲ ಒಂದೇ ಕಡೆ ಇದ್ದ ಊರು.

ಎಲ್ಲದರ ನಡುವೆ ಇದ್ದದ್ದು ಒಂದು ಸಮಾಧಿ. ಮೇನಾಸ್ ಎಂಬ ಸಂತನದು.

ಕಥೆ ಹೀಗೆ ಹೇಳುತ್ತಾರೆ. ಮೇನಾಸ್ ರೋಮನ್ ಸೈನ್ಯದಲ್ಲಿದ್ದ ಸೈನಿಕ. ಕ್ರೈಸ್ತರನ್ನು ಹಿಂಸಿಸಲು ಶುರುಮಾಡಿದಾಗ ಕೆಲಸ ಬಿಟ್ಟು ಹೊರಟುಹೋದ. ಆಮೇಲೆ ತಾನಾಗಿಯೇ ಬಂದು ತನ್ನ ನಂಬಿಕೆಯನ್ನು ಎಲ್ಲರೆದುರು ಹೇಳಿದ. ಕ್ರಿಸ್ತಶಕ 300ರ ಆಸುಪಾಸಿನಲ್ಲಿ ಅವನ ತಲೆ ಕಡಿದರು. ಜೊತೆಯವರು ದೇಹವನ್ನು ಈಜಿಪ್ಟಿಗೆ ತಂದರು. ಮರ್ಯೂತ್ ಹತ್ತಿರ ಬಂದಾಗ ದೇಹ ಹೊತ್ತಿದ್ದ ಒಂಟೆ ಮುಂದೆ ಹೆಜ್ಜೆ ಇಡಲಿಲ್ಲ. ಬೇರೆ ಒಂಟೆಯ ಮೇಲೆ ಹೊರಿಸಿದರೂ ಅಷ್ಟೇ. ಸರಿ, ಸಂತನ ಇಷ್ಟ ಇಲ್ಲೇ ಇರಬೇಕು ಅಂದುಕೊಂಡು ಅಲ್ಲೇ ಮಣ್ಣು ಮಾಡಿದರು. ದೇವರ ವಿಗ್ರಹ ಹೊತ್ತ ಗಾಡಿ ನಿಂತಲ್ಲೇ ಗುಡಿ ಎದ್ದ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದು ಹೊಸದೇನೂ ಅನ್ನಿಸುವುದಿಲ್ಲ.

ಇದರಲ್ಲಿ ಇತಿಹಾಸ ಎಷ್ಟು, ನಂಬಿಕೆ ಎಷ್ಟು ಎಂದು ಬಿಡಿಸುವುದು ಕಷ್ಟ. ಒಂದು ಮಾತು ಮಾತ್ರ ಖಚಿತ. ನಾಲ್ಕನೇ ಶತಮಾನ ಮುಗಿಯುವ ಹೊತ್ತಿಗೆ ಆ ಸಮಾಧಿಯ ಮೇಲೆ ಒಂದು ಚಿಕ್ಕ ಕಟ್ಟಡ ಎದ್ದಿತ್ತು, ಜನ ಬರುತ್ತಿದ್ದರು. ಐದನೇ ಶತಮಾನದಲ್ಲಿ ಅದು ಸಾಲದೆ ದೊಡ್ಡ ಚರ್ಚು ಕಟ್ಟಿದರು. ಅದೂ ಸಾಲದೆ ಇನ್ನೂ ದೊಡ್ಡದು. ಆರನೇ ಶತಮಾನದಲ್ಲಿ, ಜಸ್ಟಿನಿಯನ್ ಚಕ್ರವರ್ತಿಯ ಕಾಲಕ್ಕೆ, ಸಮಾಧಿಯ ಮೇಲಿನ ಚರ್ಚನ್ನು ಮತ್ತೆ ಹೊಸ ರೂಪದಲ್ಲಿ ಎಬ್ಬಿಸಿದರು. ಅಷ್ಟರಲ್ಲಿ ಇದು ಆ ಸೀಮೆಯ ಅತ್ಯಂತ ದೊಡ್ಡ ಯಾತ್ರಾಸ್ಥಳಗಳಲ್ಲಿ ಒಂದಾಗಿತ್ತು.

ಊರಿನ ನಕ್ಷೆ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಇದನ್ನು ಜನಜಂಗುಳಿಯನ್ನು ಲೆಕ್ಕಕ್ಕಿಟ್ಟುಕೊಂಡೇ ಕಟ್ಟಿದ್ದಾರೆ. ಮುಖ್ಯ ಕಟ್ಟಡಗಳು ಮೂರು, ಪೂರ್ವದಿಂದ ಪಶ್ಚಿಮಕ್ಕೆ ಒಂದಕ್ಕೊಂದು ಅಂಟಿಕೊಂಡ ಸಾಲು. ಪೂರ್ವದಲ್ಲಿ ಮಹಾ ಬೆಸಿಲಿಕಾ, ಅಂದರೆ ಸಾವಿರಾರು ಜನ ಸೇರಬಹುದಾದ ಕಂಬಸಾಲಿನ ದೊಡ್ಡ ಚರ್ಚು. ಉದ್ದ 60 ಮೀಟರಿಗೂ ಜಾಸ್ತಿ. ನಡುವೆ ಸಮಾಧಿಯ ಮೇಲಿನ ಚರ್ಚು. ಪಶ್ಚಿಮದಲ್ಲಿ ದೀಕ್ಷಾಸ್ನಾನದ ಮನೆ. ಸಮಾಧಿ ಇರುವುದು ನೆಲದಡಿಯ ಕೋಣೆಯಲ್ಲಿ. ಅಲ್ಲಿಗೆ ಇಳಿಯಲು ಒಂದು ಮೆಟ್ಟಿಲಸಾಲು, ಹತ್ತಿ ಬರಲು ಇನ್ನೊಂದು. ಇಳಿಯುವವರು, ಹತ್ತುವವರು ಡಿಕ್ಕಿಯಾಗಬಾರದಲ್ಲ. ಇದನ್ನು ಯೋಚಿಸಿದ ಮೇಸ್ತ್ರಿ ಯಾರೋ, ಜಾತ್ರೆಯ ನೂಕುನುಗ್ಗಲು ಕಂಡವನೇ ಇರಬೇಕು.

ಸಮಾಧಿ ಚರ್ಚಿನ ದಕ್ಷಿಣಕ್ಕೆ ಅಂಟಿದಂತೆ ಅರ್ಧಚಂದ್ರದ ಆಕಾರದ ಒಂದು ಅಂಗಳ, ಅದರ ಸುತ್ತ ಕೋಣೆಗಳು. ಇದು ಕಾಯಿಲೆಯವರ ಜಾಗ. ರೋಗಿಗಳು ಸಂತನ ಸಮಾಧಿಗೆ ಆದಷ್ಟು ಹತ್ತಿರ ರಾತ್ರಿ ಮಲಗುತ್ತಿದ್ದರು. ಕನಸಿನಲ್ಲಿ ಸಂತ ಬಂದು ಗುಣ ಮಾಡುತ್ತಾನೆ, ಇಲ್ಲವೇ ಔಷಧಿ ಹೇಳುತ್ತಾನೆ ಎಂಬ ನಂಬಿಕೆ. ಈ ಪದ್ಧತಿ ಕ್ರೈಸ್ತರು ಕಂಡುಹಿಡಿದದ್ದಲ್ಲ. ಗ್ರೀಕರ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಗುಡಿಗಳಲ್ಲಿ ಅದಕ್ಕೂ ನೂರಾರು ವರ್ಷ ಮುಂಚೆಯೇ ಜನ ಹೀಗೆ ಮಲಗುತ್ತಿದ್ದರು. ದೇವರು ಬದಲಾದ, ಹಾಸಿಗೆ ಉಳಿಯಿತು.

ಉತ್ತರದ ಕಡೆ ದೊಡ್ಡ ಅಂಗಳ, ಯಾತ್ರಿಕರ ಛತ್ರಗಳು, ಸಾರ್ವಜನಿಕ ಸ್ನಾನಗೃಹಗಳು. ಅಲ್ಲಿಗೆ ಬರುವ ಬೀದಿಯ ಎರಡೂ ಬದಿ ಕಂಬಸಾಲು, ಕಂಬಗಳ ಹಿಂದೆ ಅಂಗಡಿಗಳು. ಸನ್ಯಾಸಿಗಳ ವಸತಿ ಇತ್ತು, ದ್ರಾಕ್ಷಿ ಹಿಂಡುವ ತೊಟ್ಟಿಗಳೂ ಇದ್ದವು. ಮರ್ಯೂತ್ ಸೀಮೆಯ ವೈನ್ ರೋಮನ್ನರ ಕಾಲದಿಂದಲೇ ಹೆಸರುವಾಸಿ.

ಇಷ್ಟು ಜನಕ್ಕೆ ನೀರು? ಹತ್ತಿರ ನದಿ ಇಲ್ಲ. ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಬರುವ ಅಷ್ಟಿಷ್ಟು ಮಳೆಯೇ ಗತಿ. ಹಾಗಾಗಿ ಊರಿನ ಉದ್ದಕ್ಕೂ ನೆಲದಡಿ ತೊಟ್ಟಿಗಳನ್ನು ತೋಡಿ ಮಳೆನೀರು ಹಿಡಿದಿಡುತ್ತಿದ್ದರು. ಈ ತೊಟ್ಟಿಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಊರು ಕುಸಿಯುವುದರಲ್ಲಿ ಇವುಗಳ ಪಾತ್ರ ದೊಡ್ಡದು.

ದೂರದಿಂದ ಬರುವವರು ಅಲೆಕ್ಸಾಂಡ್ರಿಯಾದಿಂದ ಮರಿಯೋಟಿಸ್ ಸರೋವರದಲ್ಲಿ ದೋಣಿ ಹತ್ತಿ ದಕ್ಷಿಣ ದಡಕ್ಕೆ ಬಂದು, ಅಲ್ಲಿಂದ ನಡೆದೋ ಸವಾರಿಯಲ್ಲೋ ಬರಬೇಕಿತ್ತು. ದಾರಿಯಲ್ಲಿ ನೀರಿಲ್ಲದೆ ಯಾತ್ರಿಕರು ಒದ್ದಾಡುತ್ತಿದ್ದರು. ಅದಕ್ಕಾಗಿ ಅನಸ್ತಾಸಿಯಸ್ ಚಕ್ರವರ್ತಿಯ ಕಾಲದಲ್ಲಿ ಫಿಲೊಕ್ಸೆನಸ್ ಎಂಬ ಅಧಿಕಾರಿ ಸರೋವರದ ದಡದಲ್ಲಿ ಛತ್ರ, ಅಂಗಡಿ, ನೆರಳುದಾರಿ ಕಟ್ಟಿಸಿದ ಎಂದು ಕಾಪ್ಟರ, ಅಂದರೆ ಈಜಿಪ್ಟಿನ ಮೂಲ ಕ್ರೈಸ್ತರ, ಒಂದು ಹಳೆಯ ಬರಹ ಹೇಳುತ್ತದೆ.

ಬಂದವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಅಂಗೈ ಅಗಲದ, ಚಪ್ಪಟೆಯಾದ, ಎರಡು ಹಿಡಿಯ ಮಣ್ಣಿನ ಚಿಕ್ಕ ಸೀಸೆ ಒಯ್ಯುತ್ತಿದ್ದರು. ಒಳಗೆ ಸಮಾಧಿಯ ಮೇಲಿನ ದೀಪದ ಎಣ್ಣೆ, ಇಲ್ಲವೇ ಕ್ಷೇತ್ರದ ನೀರು. ಹೊರಗೆ ಅಚ್ಚಿನ ಚಿತ್ರ: ಎರಡೂ ಕೈ ಎತ್ತಿ ಪ್ರಾರ್ಥಿಸುತ್ತಾ ನಿಂತ ಮೇನಾಸ್, ಅವನ ಕಾಲಬಳಿ ಮಂಡಿಯೂರಿದ ಎರಡು ಒಂಟೆ. ಎರಡು ಅಚ್ಚಿನಲ್ಲಿ ಎರಡು ಅರ್ಧ ಒತ್ತಿ, ಜೋಡಿಸಿ, ಕತ್ತು ಹಿಡಿ ಅಂಟಿಸಿ ಸುಟ್ಟರೆ ಮುಗಿಯಿತು. ಅಗ್ಗ, ಹಗುರ, ಸಾವಿರಗಟ್ಟಲೆ ಮಾಡಬಹುದು. ಐದನೇ ಶತಮಾನದ ಕೊನೆಯಿಂದ ಏಳನೇ ಶತಮಾನದ ನಡುವಿನವರೆಗೆ ಇಲ್ಲಿನ ಭಟ್ಟಿಗಳಲ್ಲಿ ಇದೇ ಕೆಲಸ.

ನನ್ನ ಮಟ್ಟಿಗೆ ಅಬು ಮೇನಾದ ನಿಜವಾದ ದಾಖಲೆ ಈ ಸೀಸೆಗಳೇ. ಬೆಸಿಲಿಕಾ ಎಷ್ಟು ದೊಡ್ಡದು ಎನ್ನುವುದು ದುಡ್ಡು ಕೊಟ್ಟವರ ಬಗ್ಗೆ ಹೇಳುತ್ತದೆ. ಸೀಸೆ ಎಲ್ಲಿ ಸಿಕ್ಕಿತು ಎನ್ನುವುದು ಬಂದು ಹೋದ ಸಾಮಾನ್ಯ ಜನರ ಬಗ್ಗೆ ಹೇಳುತ್ತದೆ. ಇವು ಸುಡಾನಿನಲ್ಲಿ ಸಿಕ್ಕಿವೆ, ಬಾಲ್ಕನ್ ನಾಡುಗಳಲ್ಲಿ ಸಿಕ್ಕಿವೆ, ಫ್ರಾನ್ಸ್, ಜರ್ಮನಿಯಲ್ಲಿ ಸಿಕ್ಕಿವೆ. ಇಂಗ್ಲೆಂಡಿನ ವಾಯವ್ಯ ಕಡಲತೀರದ ಮೀಲ್ಸ್ ಎಂಬಲ್ಲೂ ಒಂದು ಸಿಕ್ಕಿದೆ. ರೋಮನ್ ಸಾಮ್ರಾಜ್ಯ ಪಶ್ಚಿಮದಲ್ಲಿ ಮುರಿದುಬಿದ್ದು, ಬ್ರಿಟನ್ ಕತ್ತಲಲ್ಲಿ ಮುಳುಗಿತ್ತು ಎಂದು ನಾವು ಶಾಲೆಯಲ್ಲಿ ಓದುವ ಕಾಲ ಅದು. ಆ ಕಾಲದಲ್ಲೂ ಈಜಿಪ್ಟಿನ ಮರಳುಗಾಡಿಗೂ ಆ ದ್ವೀಪಕ್ಕೂ ನಡುವೆ ಸರಕು ಓಡಾಡುತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನು ಈ ಊರು ಯಾಕೆ ಪಾಳುಬಿತ್ತು? ಒಂದೇ ಏಟಿಗೆ ಬಿದ್ದದ್ದಲ್ಲ.

451ರಲ್ಲಿ ಕಾಲ್ಸಿಡನ್ ಎಂಬಲ್ಲಿ ಕ್ರೈಸ್ತ ಧರ್ಮಗುರುಗಳ ದೊಡ್ಡ ಸಭೆ ನಡೆಯಿತು. ಕ್ರಿಸ್ತನಲ್ಲಿ ದೈವ ಸ್ವಭಾವ, ಮಾನವ ಸ್ವಭಾವ ಎರಡೂ ಹೇಗೆ ಕೂಡಿವೆ ಎಂಬ ಪ್ರಶ್ನೆಗೆ ಆ ಸಭೆ ಕೊಟ್ಟ ಉತ್ತರವನ್ನು ಈಜಿಪ್ಟಿನ ಬಹುಪಾಲು ಜನ ಒಪ್ಪಲಿಲ್ಲ. ಅಲ್ಲಿಂದ ಕಾಪ್ಟಿಕ್ ಚರ್ಚು ಚಕ್ರವರ್ತಿಯ ಚರ್ಚಿನಿಂದ ಬೇರೆಯಾಯಿತು. ಸಿರಿಯಾ, ಅರ್ಮೇನಿಯಾ, ಇಥಿಯೋಪಿಯಾದ ಹಳೆಯ ಚರ್ಚುಗಳೂ ಇದೇ ಬಳಗ. ಕೇರಳದ ಮಲಂಕರ ಆರ್ಥೊಡಾಕ್ಸ್ ಚರ್ಚು ಕೂಡ. ನಮ್ಮ ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ, ಹತ್ತೊಂಬತ್ತನೇ ಶತಮಾನದ ಕೊನೆಗೆ ಕೆಲವು ಕೊಂಕಣಿ ಕ್ಯಾಥೊಲಿಕ್ ಕುಟುಂಬಗಳು ರೋಮನ್ನು ಬಿಟ್ಟು ಆರ್ಥೊಡಾಕ್ಸ್ ಆದವಲ್ಲ, ಅವರು ಸೇರಿದ್ದೂ ಈ ಬಳಗಕ್ಕೇ. ಹಾಗಾಗಿ ಮೇನಾಸ್ ಸಂತನ ಕಾಪ್ಟರಿಗೂ ಬ್ರಹ್ಮಾವರದವರಿಗೂ ಚರ್ಚಿನ ಲೆಕ್ಕದಲ್ಲಿ ನೆಂಟಸ್ತನ ಉಂಟು.

ಈ ಒಡಕು ಅಬು ಮೇನಾಕ್ಕೂ ತಟ್ಟಿತು. ಕ್ಷೇತ್ರ ಯಾರದು ಎಂಬ ಜಗಳ ಎಂಟನೇ ಶತಮಾನದವರೆಗೂ ಎಳೆಯಿತು. ಕೊನೆಗೆ ಅರಬ್ ಆಡಳಿತದ ಮುಂದೆ ವ್ಯಾಜ್ಯವಾಗಿ ಕಾಪ್ಟರಿಗೆ ಸಿಕ್ಕಿತು. ಅದಕ್ಕೂ ಮೊದಲೇ, 619ರ ಹೊತ್ತಿಗೆ, ಪರ್ಷಿಯನ್ನರ ದಾಳಿ ಆಗಿತ್ತು. 641ರಲ್ಲಿ ಅರಬರು ಈಜಿಪ್ಟನ್ನು ಗೆದ್ದರು. ಬೈಜಾಂಟಿಯಂ, ಅಂದರೆ ಪೂರ್ವದ ರೋಮನ್ ಸಾಮ್ರಾಜ್ಯದ ಜೊತೆಗಿನ ಕಡಲ ನಂಟು ಕಡಿಯಿತು, ದೂರದ ಯಾತ್ರಿಕರು ಬರುವುದು ನಿಂತಿತು. ಯಾತ್ರಿಕರೇ ಇಲ್ಲದ ಮೇಲೆ ಅಂಗಡಿ, ಛತ್ರ, ಭಟ್ಟಿ ನಡೆಯುವುದು ಹೇಗೆ? ಒಂಬತ್ತನೇ ಶತಮಾನದಲ್ಲಿ ಖಲೀಫ ಅಲ್-ಮುಅತಸಿಮ್ ಇರಾಕಿನ ಸಾಮರಾದಲ್ಲಿ ಹೊಸ ರಾಜಧಾನಿ ಕಟ್ಟುವಾಗ ಇಲ್ಲಿನ ಅಮೃತಶಿಲೆಯನ್ನು ಕಿತ್ತುಕೊಂಡು ಹೋದರು ಎಂದು ಕಾಪ್ಟಿಕ್ ಚರ್ಚಿನ ಚರಿತ್ರೆ ಹೇಳುತ್ತದೆ. ಆಮೇಲೆ ಸ್ವಲ್ಪ ಕಾಲ ಚಿಕ್ಕ ಹಳ್ಳಿಯಾಗಿ ಉಳಿದು, ಕೊನೆಗೆ ಅದೂ ಖಾಲಿಯಾಯಿತು.

1905ರಲ್ಲಿ ಜರ್ಮನಿಯ ಪಾದ್ರಿ, ಪುರಾತತ್ವ ಪಂಡಿತ ಕಾರ್ಲ್ ಮರಿಯಾ ಕಾಫ್‌ಮನ್ ಇಲ್ಲಿಗೆ ಬಂದು ಅಗೆಯಲು ಶುರುಮಾಡಿದ. ಎರಡು ವರ್ಷದಲ್ಲಿ ಚರ್ಚುಗಳು, ಸಮಾಧಿ ಕೋಣೆ, ರಾಶಿ ರಾಶಿ ಸೀಸೆಗಳು ಹೊರಬಂದವು. 1960ರ ದಶಕದಿಂದ ಪೀಟರ್ ಗ್ರೋಸ್‌ಮನ್ ಮತ್ತು ಜರ್ಮನ್ ಪುರಾತತ್ವ ಸಂಸ್ಥೆ ಹತ್ತಾರು ವರ್ಷ ನಿಧಾನವಾಗಿ ಕೆಲಸ ಮಾಡಿ ಊರಿನ ಪೂರ್ತಿ ನಕ್ಷೆ ಬಿಡಿಸಿದರು. 1979ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಮೆಂಫಿಸ್-ಗೀಝಾದ ಪಿರಮಿಡ್ಡುಗಳು ಪಟ್ಟಿ ಸೇರಿದ್ದೂ ಅದೇ ವರ್ಷ.

ಸಾವಿರ ವರ್ಷ ಯಾರೂ ನೋಡಿಕೊಳ್ಳದಿದ್ದರೂ ಉಳಿದ ಅಡಿಪಾಯಗಳು, ಜಗತ್ತು ನೋಡಿಕೊಳ್ಳಲು ಶುರುಮಾಡಿದ ಮೇಲೆ ಕುಸಿದವು. ಕಾರಣ ಇರುವುದು ಮಣ್ಣಿನಲ್ಲಿ.

ಅಬು ಮೇನಾದ ನೆಲ ಬರೀ ಜೇಡಿಮಣ್ಣು. ಒಣಗಿದ್ದಾಗ ಈ ಮಣ್ಣು ಬಲು ಗಟ್ಟಿ, ದೊಡ್ಡ ಬೆಸಿಲಿಕಾವನ್ನೂ ಹೊರುತ್ತದೆ. ಅದರ ಬಲವೆಲ್ಲ ಇರುವುದು ಕಣಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುವುದರಲ್ಲಿ. ನಡುವೆ ನೀರು ತುಂಬಿದರೆ ಆ ಬಿಗಿ ಹೋಗುತ್ತದೆ. ಕಣಗಳು ಜಾರುತ್ತವೆ. ಇನ್ನೂ ನೀರು ಸೇರಿದರೆ ಮಣ್ಣು ಅರ್ಧ ದ್ರವದಂತೆ ಆಗುತ್ತದೆ. ಮಳೆ ಅಪರೂಪವಾದ ಸೀಮೆಯಲ್ಲಿ ಅಷ್ಟು ನೀರು ಬರುವ ಸಾಧ್ಯತೆಯೇ ಇರಲಿಲ್ಲ. ಹಾಗಾಗಿ ಹಳೆಯ ಮೇಸ್ತ್ರಿಗಳ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಇಪ್ಪತ್ತನೇ ಶತಮಾನದ ಕೊನೆಯಲ್ಲಿ ಲೆಕ್ಕವೇ ಬದಲಾಯಿತು. ಜನಸಂಖ್ಯೆ ಬೆಳೆಯುತ್ತಿದ್ದ ಈಜಿಪ್ಟಿಗೆ ಹೊಸ ಹೊಲಗಳು ಬೇಕಿದ್ದವು. ನೈಲ್ ನದಿಯ ನೀರನ್ನು ಕಾಲುವೆಗಳಲ್ಲಿ ತಂದು ಮರ್ಯೂತ್ ಸೀಮೆಯ ಬಂಜರನ್ನು ಸಾಗುವಳಿಗೆ ತಂದರು. ವಿಶ್ವ ಬ್ಯಾಂಕ್ ಹಣ ಕೊಟ್ಟ ಯೋಜನೆ ಅದು. ಉದ್ದೇಶ ಒಳ್ಳೆಯದೇ. ಅಲ್ಲಿ ಹೊಲ ಪಡೆದ ರೈತರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಆದರೆ ಹೊಲಕ್ಕೆ ಹಾಯಿಸಿದ ನೀರಿನಲ್ಲಿ ಬೆಳೆ ಕುಡಿಯುವುದು ಒಂದು ಪಾಲು ಮಾತ್ರ. ಉಳಿದದ್ದು ಕೆಳಗೆ ಇಳಿಯುತ್ತದೆ. ಆ ನೀರು ಹೊರಹೋಗಲು ಸರಿಯಾದ ಬಸಿಗಾಲುವೆ ಇಲ್ಲದಿದ್ದರೆ ಅಲ್ಲೇ ನಿಂತು, ವರ್ಷದಿಂದ ವರ್ಷಕ್ಕೆ ಅಂತರ್ಜಲದ ಮಟ್ಟ ಮೇಲೇರುತ್ತದೆ. ತುಂಗಭದ್ರಾ ಕಾಲುವೆ ಬಂದ ಮೇಲೆ ಸಿಂಧನೂರು, ಗಂಗಾವತಿ ಕಡೆ ಎಷ್ಟೋ ಹೊಲಗಳು ಸವಳು-ಜವಳು ಆದದ್ದು ಹೀಗೆಯೇ. ಅಲ್ಲಿನ ರೈತರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಇಷ್ಟೇ, ಮರ್ಯೂತಿನಲ್ಲಿ ಆ ಜವಳು ನೆಲದ ನಡುವೆ 1,500 ವರ್ಷದ ಒಂದು ಊರು ಕೂತಿತ್ತು.

ನೀರು ಊರಿನಡಿಗೆ ಬಂದಾಗ ಹಳೆಯ ತೊಟ್ಟಿಗಳು ಮೊದಲು ಕೈಕೊಟ್ಟವು. ಒಣ ಜೇಡಿಮಣ್ಣಿನಲ್ಲಿ ತೋಡಿದ ಟೊಳ್ಳುಗಳು ಮಣ್ಣು ಒಣಗಿರುವವರೆಗೆ ಮಾತ್ರ ನಿಲ್ಲುತ್ತವೆ. ಗೋಡೆ ಮೆತ್ತಗಾಗಿ ತೊಟ್ಟಿ ಒಳಗೆ ಬಿತ್ತು, ಅದರ ಮೇಲೆ ನಿಂತಿದ್ದ ಕಟ್ಟಡವೂ ಬಿತ್ತು. ಊರಿನ ವಾಯವ್ಯ ಭಾಗದಲ್ಲಿ ನೆಲವೇ ಬಾಯಿಬಿಟ್ಟು ದೊಡ್ಡ ದೊಡ್ಡ ಗುಂಡಿಗಳಾದವು. ಯಾವ ಜಾಗದಲ್ಲಿ ಯಾವಾಗ ನೆಲ ಕುಸಿಯುತ್ತದೋ ಹೇಳಲು ಬರುವಂತಿರಲಿಲ್ಲ.

ಕುಸಿಯದೆ ಉಳಿದ ಗೋಡೆಗಳಿಗೆ ಇನ್ನೊಂದು ಕಾಟ. ಸುಣ್ಣದಕಲ್ಲು ಮತ್ತು ಹಸಿ ಇಟ್ಟಿಗೆ ಕೆಳಗಿನ ನೀರನ್ನು ತಾವಾಗಿಯೇ ಮೇಲೆಳೆದುಕೊಳ್ಳುತ್ತವೆ. ಆ ನೀರಿನಲ್ಲಿ ಉಪ್ಪು ಇರುತ್ತದೆ. ಬಿಸಿಲಿಗೆ ನೀರು ಆವಿಯಾದರೆ ಉಪ್ಪು ಕಲ್ಲಿನ ಸಣ್ಣ ತೂತುಗಳಲ್ಲೇ ಹರಳುಗಟ್ಟಿ ಉಬ್ಬುತ್ತದೆ. ಕಲ್ಲಿನ ಮುಖ ಪದರ ಪದರವಾಗಿ ಉದುರುತ್ತದೆ. ಹಸಿ ಇಟ್ಟಿಗೆಯಂತೂ ಸುಮ್ನೆ ಕರಗಿ ಮಣ್ಣಾಗುತ್ತದೆ. ಇನ್ನೂ ಅಗೆಯದೆ ನೆಲದೊಳಗೇ ಇರುವ ಮನೆಗಳಿಗೂ ಇದೇ ಗತಿ. ಏನಿತ್ತು ಎಂದು ತಿಳಿಯುವ ಮೊದಲೇ ಹೋಗಿಬಿಡುತ್ತದೆ. ನನಗೆ ಜಾಸ್ತಿ ಸಂಕಟ ಅನ್ನಿಸುವುದು ಈ ನಷ್ಟ.

ಅಧಿಕಾರಿಗಳು ಮೊದಲು ಮಾಡಿದ ಕೆಲಸ ವಿಚಿತ್ರವಾಗಿ ಕಾಣಬಹುದು. ಅಪಾಯದಲ್ಲಿದ್ದ ಕಟ್ಟಡಗಳ ಬುಡಕ್ಕೆ ಮರಳು ತುಂಬಿಸಿದರು. ಅದರಲ್ಲಿ ಸಂತನ ಸಮಾಧಿಯ ಕೋಣೆಯೂ ಸೇರಿತ್ತು. ಯಾತ್ರಿಕರು ಶತಮಾನಗಳ ಕಾಲ ಇಳಿದು ಹತ್ತಿದ ಜಾಗವನ್ನು ಮರಳಿನಿಂದ ಮುಚ್ಚಿ ಜನರ ಪ್ರವೇಶ ನಿಲ್ಲಿಸಿದರು. ಇದಕ್ಕೆ ಕಾರಣವಿದೆ. ಟೊಳ್ಳು ಜಾಗದ ಗೋಡೆ ಒಳಕ್ಕೆ ಬೀಳದಂತೆ ತುಂಬಿದ ಮರಳು ಒತ್ತಿ ಹಿಡಿಯುತ್ತದೆ. ನೀರು ತಗುಲಿದರೂ ಮರಳು ಜೇಡಿಯಂತೆ ಕೆಸರಾಗುವುದಿಲ್ಲ. ಮುಂದೆ ಬೇಕಾದಾಗ ತೆಗೆಯಲೂಬಹುದು. ಆದರೆ ಇದು ತಡೆ ಮಾತ್ರ, ಮದ್ದಲ್ಲ.

ಮದ್ದು ಅಂದರೆ ನೀರಿನ ಮಟ್ಟ ಇಳಿಸುವುದು. ಹೇಳುವುದು ಸುಲಭ. ಸುತ್ತಲೂ ಹೊಲಗಳಿಗೆ ನೀರು ಹರಿಯುತ್ತಲೇ ಇರುವಾಗ ನಡುವಿನ ಜಾಗದಿಂದ ಎಷ್ಟು ಎತ್ತಿದರೂ ಪಕ್ಕದಿಂದ ಮತ್ತೆ ಬಂದು ಸೇರುತ್ತದೆ. ಪಂಪು ನಿಂತರೆ ಮತ್ತೆ ಮೊದಲಿನಂತೆ. ಕರೆಂಟು, ರಿಪೇರಿ, ಎತ್ತಿದ ನೀರು ಹೋಗಲು ಕಾಲುವೆ, ಪ್ರತಿ ವರ್ಷ ಖರ್ಚು, ಇದೆಲ್ಲ ಯಾರು ನೋಡಬೇಕು? ಹೀಗೆ ವರ್ಷಗಳು ಕಳೆದವು. ಅಬು ಮೇನಾ ಅಪಾಯದ ಪಟ್ಟಿಯಲ್ಲೇ ಉಳಿಯಿತು.

2021ರಲ್ಲಿ ಸೋಲಾರ್ ವಿದ್ಯುತ್ತಿನಿಂದ ನಡೆಯುವ ಹೊಸ ಬಸಿ ವ್ಯವಸ್ಥೆ ಹಾಕಿದರು. ಬಿಸಿಲಿಗೆ ಬರವಿಲ್ಲದ ನಾಡು, ಪಂಪಿಗೆ ಹೊರಗಿನ ಕರೆಂಟು ಕಾಯಬೇಕಿಲ್ಲ. ಈ ಸಲ ನೀರಿನ ಮಟ್ಟ ಇಳಿಯಿತು. 2024ರಲ್ಲಿ ಸಂರಕ್ಷಣೆಯ ಯೋಜನೆಯೂ ಬಂತು, ಅದರಲ್ಲಿ ಸ್ಥಳೀಯ ಕಾಪ್ಟಿಕ್ ಸಮುದಾಯವನ್ನೂ ಸೇರಿಸಿಕೊಂಡರು. 2025ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ವಿಶ್ವ ಪರಂಪರೆ ಸಮಿತಿ ಅಬು ಮೇನಾವನ್ನು ಅಪಾಯದ ಪಟ್ಟಿಯಿಂದ ತೆಗೆಯಿತು. 24 ವರ್ಷ ಬೇಕಾಯಿತು.

ಸಮುದಾಯದ ಮಾತು ಬಂದದ್ದು ಸುಮ್ಮನೆ ಅಲ್ಲ. ಮೇನಾಸ್ ಅಲ್ಲಿ ಬರೀ ಮ್ಯೂಸಿಯಂ ವಿಷಯವಲ್ಲ. ಪಾಳು ಊರಿನ ಹತ್ತಿರವೇ ಈಗ ಹೊಸ ಮಠ ಇದೆ. 1959ರಲ್ಲಿ ಕಾಪ್ಟಿಕ್ ಚರ್ಚಿನ ಮುಖ್ಯಸ್ಥರಾದ ಪೋಪ್ ಆರನೇ ಕಿರಿಲ್ಲೋಸ್ ಅದೇ ವರ್ಷ ಅದಕ್ಕೆ ಅಡಿಪಾಯ ಹಾಕಿದರು. ಮೇನಾಸ್ ಅವರಿಗೆ ಬಲು ಪ್ರೀತಿಯ ಸಂತ. 1971ರಲ್ಲಿ ತೀರಿಕೊಂಡ ಅವರ ದೇಹವನ್ನು ಮುಂದಿನ ವರ್ಷ ಇದೇ ಮಠಕ್ಕೆ ತಂದು ಇಟ್ಟರು. ಇಂದು ಬಸ್ಸು ತುಂಬಿಕೊಂಡು ಬರುವ ಕಾಪ್ಟಿಕ್ ಕುಟುಂಬಗಳು ಹೊಸ ಮಠದ ದೊಡ್ಡ ಚರ್ಚಿಗೆ ಹೋಗುತ್ತವೆ, ಕಿರಿಲ್ಲೋಸ್ ಸಮಾಧಿಗೆ ಕೈಮುಗಿಯುತ್ತವೆ. ನವೆಂಬರ್ 24 ಮೇನಾಸ್ ಹಬ್ಬ.

ಪಾಳು ಊರಿಗೆ ಹೋದರೆ ಎತ್ತರದ ಗೋಡೆ, ಗೋಪುರ ಕಾಣುವುದಿಲ್ಲ. ಮೊಣಕಾಲೆತ್ತರದ ಗೋಡೆಸಾಲು, ಕಂಬಗಳ ಬುಡ, ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ, ಬೀದಿಯ ಗುರುತು, ಅಷ್ಟೇ. ನಕ್ಷೆ ಕೈಯಲ್ಲಿ ಹಿಡಿದು ನೋಡುವವರಿಗೆ ಮಾತ್ರ ಊರು ಬಿಚ್ಚಿಕೊಳ್ಳುತ್ತದೆ.

ಪಟ್ಟಿಯಿಂದ ಹೆಸರು ತೆಗೆದರೆಂದು ತೊಂದರೆ ಮುಗಿಯಿತು ಎಂದಲ್ಲ. ಹೊಲಗಳು ಅಲ್ಲೇ ಇವೆ, ಕಾಲುವೆಯೂ ಹರಿಯುತ್ತಿದೆ. ನೀರು ಎತ್ತುವುದು ಇನ್ನು ಮುಂದೆ ಪ್ರತಿದಿನದ ಕೆಲಸ. ಸುತ್ತಲಿನ ರೈತರು ಹೊಲ ತುಂಬಾ ನೀರು ನಿಲ್ಲಿಸುವುದನ್ನು ಬಿಟ್ಟು ಹನಿ ನೀರಾವರಿಗೆ ಬಂದಷ್ಟೂ ಪಂಪುಗಳ ಹೊರೆ ಕಡಿಮೆಯಾಗುತ್ತದೆ. ಹಾಗೆ ಬರಬೇಕಾದರೆ ಪೈಪಿನ ಖರ್ಚು ಯಾರು ಕೊಡುತ್ತಾರೆ ಎನ್ನುವುದು ಅವರ ಮೊದಲ ಪ್ರಶ್ನೆಯಾಗುವುದು ಸಹಜ.